ಕನ್ನಡ ಸಾಲಿಯ ಮಾಸ್ತರ ಬೆಳೆಯುವ ದಾರಿ

1993ರಲ್ಲಿ ಕೊಪ್ಪಳದಲ್ಲಿ 62ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಸಿಂಪಿ ಲಿಂಗಣ್ಣ. ಹುಟ್ಟಿದ್ದು 1905ರಲ್ಲಿ, ಆಗಿನ ಇಂಡಿ ತಾಲ್ಲೂಕಿನ ಚಡಚಣದಲ್ಲಿ. ಓದಿದ್ದು ಮುಲ್ಕಿ, ಮಾಡಿದ್ದು ಪ್ರಾಥಮಿಕ ಶಾಲೆಯ ಮಾಸ್ತರಿಕೆ. ಪಂಡಿತರು, ಪ್ರಾಧ್ಯಾಪಕರು, ಜ್ಞಾನಪೀಠ ಪಡೆದವರು ಕುಳಿತುಹೋದ ಪೀಠದಲ್ಲಿ ಹಳ್ಳಿಯ ಕನ್ನಡ ಸಾಲಿಯಲ್ಲಿ ಅಕ್ಷರ ಬರೆಸಿದ ಕೈಯೊಂದು ಬಂದು ಕುಳಿತಿತು. ಅದೇ ವರ್ಷ ಅವರು ತೀರಿಕೊಂಡರು.

ಮುಲ್ಕಿ ಎಂದರೆ ಈಗಿನ ಹುಡುಗರಿಗೆ ತಿಳಿಯಲಿಕ್ಕಿಲ್ಲ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಏಳನೆಯ ಇಯತ್ತೆಯ ಕೊನೆಗೆ ಬರುತ್ತಿದ್ದ ಪರೀಕ್ಷೆ ಅದು. ಅದನ್ನು ಪಾಸಾದವನಿಗೆ ಹಳ್ಳಿಯಲ್ಲಿ ದೊಡ್ಡ ಗೌರವ. ತಲಾಠಿಯಾಗಬಹುದಿತ್ತು, ಮಾಸ್ತರನಾಗಬಹುದಿತ್ತು. ಬಡವರ ಮನೆಯ ಜಾಣ ಹುಡುಗನ ಓದು ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತಿತ್ತು. ಲಿಂಗಣ್ಣನವರ ಶಾಲೆಯ ಓದೂ ಅಲ್ಲಿಗೇ ಮುಗಿಯಿತು. ಅವರು ಬೆಳೆದದ್ದೆಲ್ಲ ಅದರ ಮುಂದಿನ ಎಪ್ಪತ್ತು ವರ್ಷಗಳಲ್ಲಿ. ಜನಪದ ಹಾಡು, ಕಥೆ, ನಡೆ, ನುಡಿಗಳ ಬಗ್ಗೆ ಕನ್ನಡದಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲ ಕೆಲವೇ ಮಂದಿಯಲ್ಲಿ ಅವರು ಒಬ್ಬರಾದರು. ‘ಜನಾಂಗದ ಜೀವಾಳ’ದಂಥ ಪುಸ್ತಕಗಳನ್ನು ಬರೆದರು. ಇಲಾಖೆ ಅವರನ್ನು ಯಾವ ದೊಡ್ಡ ಕುರ್ಚಿಗೂ ಏರಿಸಲಿಲ್ಲ, ಬೆಳವಣಿಗೆಯಂತೂ ನಿಲ್ಲಲಿಲ್ಲ.

ಶಿಕ್ಷಕನ ವೃತ್ತಿಯ ಬೆಳವಣಿಗೆ ಎಂದೊಡನೆ ನಮ್ಮಲ್ಲಿ ಈಗ ಬಡ್ತಿಯ ಮಾತು ಬರುತ್ತದೆ, ಕಾಲಮಿತಿ ವೇತನದ ಮಾತು ಬರುತ್ತದೆ, ಆನ್‌ಲೈನ್ ತರಬೇತಿ ಮುಗಿಸಿದ ಪ್ರಮಾಣಪತ್ರದ ಮಾತು ಬರುತ್ತದೆ. ಅವೆಲ್ಲ ಬೇಕು, ಅವುಗಳ ವಿಷಯಕ್ಕೆ ಮುಂದೆ ಬರುತ್ತೇನೆ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಕಳೆದ ನೂರು ವರ್ಷಗಳನ್ನು ನೋಡಿದರೆ ಬೇರೊಂದು ಸತ್ಯ ಕಾಣುತ್ತದೆ. ಇಲ್ಲಿ ಮಾಸ್ತರನನ್ನು ಬೆಳೆಸಿದ್ದು ಎರಡು ಸಂಗತಿ: ತನ್ನದೆಂದು ಹಿಡಿದುಕೊಂಡ ಒಂದು ಕೆಲಸ, ಆ ಕೆಲಸದಲ್ಲಿ ಕೂಡಿಕೊಂಡ ನಾಲ್ಕು ಜನ ಗೆಳೆಯರು.

ಚಡಚಣದಿಂದ ಹಲಸಂಗಿ ದೂರವಿಲ್ಲ. ಭೀಮೆಯ ಸೀಮೆ, ಆಚೆಗೆ ಸೊಲ್ಲಾಪುರ, ಇತ್ತ ಜತ್ತ. ಕನ್ನಡ, ಮರಾಠಿ ಎರಡೂ ಸಂತೆಯಲ್ಲಿ ಕಲೆಯುವ ಗಡಿಯ ಊರುಗಳು. 1920ರ ದಶಕದಲ್ಲಿ ಹಲಸಂಗಿಯ ಸುತ್ತ ಒಂದು ಗೆಳೆಯರ ಗುಂಪು ಕಟ್ಟಿಕೊಂಡಿತು. ನಡುವೆ ಮಧುರಚೆನ್ನ. ಅವರ ಶಾಲೆಯ ಓದೂ ಮುಲ್ಕಿಗೇ ನಿಂತಿತ್ತು, ಇಂಗ್ಲಿಷನ್ನೂ ಹಳಗನ್ನಡವನ್ನೂ ತಾವೇ ಓದಿ ದಕ್ಕಿಸಿಕೊಂಡಿದ್ದರು. ಜೊತೆಗೆ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ. ಜಾತಿ, ಮತ ಬೇರೆ ಬೇರೆ, ಕೂಡಿ ಓದುವ ಹಸಿವು ಒಂದೇ. ಈ ಗುಂಪಿನಿಂದ ಮೂರು ಸಂಕಲನ ಬಂದವು: 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’. ಕನ್ನಡದ ಜನಪದ ಸಾಹಿತ್ಯದ ಅಧ್ಯಯನ ಎಂಬ ಶಾಖೆಗೆ ವಿಶ್ವವಿದ್ಯಾಲಯಗಳಲ್ಲಿ ಜಾಗ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲು ಅದರ ಬುನಾದಿ ಹಾಕಿದ ಪುಸ್ತಕಗಳಿವು.

‘ಗರತಿಯ ಹಾಡು’ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಜೋಳ ಬೀಸುತ್ತ ಹಾಡಿಕೊಂಡ ತ್ರಿಪದಿಗಳು. ತವರುಮನೆ, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಬಸವಣ್ಣ, ಮಲ್ಲಯ್ಯ ಎಲ್ಲ ಅದರಲ್ಲಿ ಬರುತ್ತಾರೆ. ಹಾಡಿದವರಿಗೆ ಅಕ್ಷರ ಬಾರದು. ಊರಿನ ಲೆಕ್ಕದಲ್ಲಿ ಅವರು ಏನೂ ಕಲಿಯದವರು. ಊರಿನಲ್ಲಿ ಕಲಿತವನು ಮಾಸ್ತರ. ಆ ಕಲಿತವನು ಕಲಿಯದವರ ಮುಂದೆ ಕುಳಿತು ಕೇಳಿಸಿಕೊಂಡ, ಬರೆದುಕೊಂಡ, ಇದು ಕಾವ್ಯ ಎಂದು ಅಚ್ಚು ಹಾಕಿಸಿ ನಾಡಿನ ಮುಂದೆ ಇಟ್ಟ. ಒಬ್ಬ ಶಿಕ್ಷಕನ ಜೀವನದಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ. ತರಗತಿಯಲ್ಲಿ ಕುಳಿತ ಮಗು ಆ ತಾಯಂದಿರ ಮಗು ತಾನೇ? ತಾಯಿಯ ಬಾಯಲ್ಲಿ ಇಷ್ಟು ಸಂಪತ್ತು ಇದೆ ಎಂದು ಅರಿತ ಮಾಸ್ತರ ಮರುದಿನ ಆ ಮಗುವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಈ ಗೆಳೆಯರಿಗೆ ಧಾರವಾಡದ ನಂಟು ಇತ್ತು. ದ.ರಾ. ಬೇಂದ್ರೆಯವರೂ ಶಾಲಾ ಮಾಸ್ತರರೇ. ಅವರ ‘ಗೆಳೆಯರ ಗುಂಪು’ ಧಾರವಾಡದಲ್ಲಿ ನಡೆಸಿದ ಕೆಲಸಕ್ಕೂ ಹಲಸಂಗಿಯ ಮಂದಿಯ ಕೆಲಸಕ್ಕೂ ಕೊಡುಕೊಳ್ಳುವಿಕೆ ಇತ್ತು. ಹಲಸಂಗಿಯಂಥ ಹಳ್ಳಿಯಲ್ಲಿ ಕುಳಿತು ಓದುವವನಿಗೆ ಹೊರಗಿನ ಕಿಟಕಿಯೂ ಬೇಕು, ಒಳಗಿನ ಜೊತೆಯೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಓದು ಬೇಗ ಬತ್ತುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಎಷ್ಟೋ ಜಾಣ ಮಾಸ್ತರರು ಹಾಗೆ ಬತ್ತಿಹೋದದ್ದನ್ನು ನಾವೆಲ್ಲ ಕಂಡಿದ್ದೇವೆ.

ಇಂಡಿಯಿಂದ ದಕ್ಷಿಣಕ್ಕೆ, ಕೃಷ್ಣೆಯ ದಂಡೆಗೆ ಬಂದರೆ ಇನ್ನೊಬ್ಬ ಮಾಸ್ತರರ ಕಥೆ ಸಿಗುತ್ತದೆ. ಅವರು ಹುಟ್ಟಿದ್ದು ಇಲ್ಲಲ್ಲ, ಬನವಾಸಿಯಲ್ಲಿ, 1886ರಲ್ಲಿ. ಹೆಸರು ಹರ್ಡೇಕರ ಮಂಜಪ್ಪ. ಅವರೂ ಮುಲ್ಕಿ ಪಾಸಾದವರೇ. ಶಿರಸಿಯಲ್ಲಿ ಸರಕಾರಿ ಮಾಸ್ತರಿಕೆ ಸಿಕ್ಕಿತು. ಬಂಗಾಲದ ವಿಭಜನೆಯ ಮರುವರ್ಷ, ಸ್ವದೇಶಿ ಚಳವಳಿ ಕಾವೇರಿದ್ದಾಗ, 1906ರಲ್ಲಿ ಆ ನೌಕರಿಗೆ ರಾಜೀನಾಮೆ ಕೊಟ್ಟು ದಾವಣಗೆರೆಗೆ ಹೋಗಿ ‘ಧನುರ್ಧಾರಿ’ ಪತ್ರಿಕೆ ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತು ವರ್ಷ. 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮುಂದಾದವರಲ್ಲಿ ಅವರು ಪ್ರಮುಖರು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಗೆ ಅವರು ಕೊನೆಗೆ ಬಂದು ನೆಲೆಸಿದ್ದು ನನಗೆ ಸಹಜವೆಂದೇ ತೋರುತ್ತದೆ. 1927ರಲ್ಲಿ ಆಲಮಟ್ಟಿಯಲ್ಲಿ ಅವರು ವಿದ್ಯಾಲಯ ತೆರೆದರು. ಆಗ ಆಲಮಟ್ಟಿ ಬಾಗೇವಾಡಿ ತಾಲ್ಲೂಕಿನ ಊರು, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ.

ನೌಕರಿ ಬಿಟ್ಟ ಮಾಸ್ತರ ಇಪ್ಪತ್ತು ವರ್ಷ ಪತ್ರಿಕೆ, ಪ್ರವಚನ, ಖಾದಿ ಎಂದು ನಾಡೆಲ್ಲ ಸುತ್ತಿ ತಿರುಗಿ ಶಾಲೆಗೇ ಬಂದದ್ದನ್ನು ಗಮನಿಸಬೇಕು. ಬರುವಾಗ ಅವರು ಮೊದಲಿನ ಮಾಸ್ತರನಾಗಿ ಉಳಿದಿರಲಿಲ್ಲ. ಶಿರಸಿಯಲ್ಲಿ ಪಠ್ಯ ಕಲಿಸುತ್ತಿದ್ದವರು ಆಲಮಟ್ಟಿಯಲ್ಲಿ ಬದುಕು ಕಲಿಸುವ ಶಾಲೆ ಕಟ್ಟಲು ಹೊರಟಿದ್ದರು. ಓದಿನ ಜೊತೆ ಕೈಗೆಲಸ, ನೂಲು, ಸರಳ ಜೀವನ. ಗಾಂಧೀಜಿ ವಾರ್ಧಾದಲ್ಲಿ ನಯೀ ತಾಲೀಮ್ ವಿಚಾರವನ್ನು ದೇಶದ ಮುಂದೆ ಇಟ್ಟಿದ್ದು 1937ರಲ್ಲಿ, ಆಲಮಟ್ಟಿಯ ವಿದ್ಯಾಲಯ ಶುರುವಾಗಿ ಹತ್ತು ವರ್ಷಗಳ ಮೇಲೆ. ಜನ ಅವರನ್ನು ಕರ್ನಾಟಕದ ಗಾಂಧಿ ಎಂದು ಕರೆದರು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಏಳೆಂಟು ತಿಂಗಳು ಇರುವಾಗ, ತೀರಿಕೊಂಡರು. ಆಲಮಟ್ಟಿಯಲ್ಲಿ ಅವರ ಹೆಸರಿನ ವಿದ್ಯಾಸಂಸ್ಥೆ ಇಂದಿಗೂ ಇದೆ. ಅಣೆಕಟ್ಟು ನೋಡಲು, ರಾಕ್ ಗಾರ್ಡನ್ ನೋಡಲು ಹೋಗುವವರು ಅತ್ತಲೂ ಒಮ್ಮೆ ಹೋಗಿ ಬರಬೇಕು.

ಸಿಂದಗಿ ತಾಲ್ಲೂಕು ಕೊಟ್ಟ ಶಿಕ್ಷಕರ ಪೈಕಿ ನಾಡಿಗೆಲ್ಲ ಗೊತ್ತಿರುವ ಹೆಸರು ಎಂ.ಎಂ. ಕಲಬುರ್ಗಿಯವರದು. 1938ರಲ್ಲಿ ಗುಬ್ಬೇವಾಡದಲ್ಲಿ ಹುಟ್ಟಿ, ಯರಗಲ್ಲಿನ ರೈತ ಮನೆತನದಿಂದ ಬಂದು, ಅದೇ ಸೀಮೆಯ ಕನ್ನಡ ಸಾಲಿಯಲ್ಲಿ ಅಕ್ಷರ ಕಲಿತು, ಧಾರವಾಡದಲ್ಲಿ ಕಾಲೇಜು ಅಧ್ಯಾಪಕರಾದರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ಕುಲಪತಿಯ ಹುದ್ದೆಗಿಂತ ನನಗೆ ದೊಡ್ಡದಾಗಿ ಕಾಣುವುದು ಅವರ ಸಂಶೋಧನೆಯ ಲೇಖನಗಳು ‘ಮಾರ್ಗ’ ಎಂಬ ಹೆಸರಿನಲ್ಲಿ ಸಂಪುಟದ ಮೇಲೆ ಸಂಪುಟವಾಗಿ ಬೆಳೆದ ರೀತಿ. ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿವೃತ್ತಿಯಾದ ಮೇಲೂ ಸಂಪುಟಗಳು ಬರುತ್ತಲೇ ಇದ್ದವು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡು ಹಾರಿಸಿ ಅವರನ್ನು ಕೊಂದರು.

ಇದೇ ಜಿಲ್ಲೆಯ ಪ್ರಾಥಮಿಕ ಶಿಕ್ಷಕರು ಇನ್ನೊಂದು ದೊಡ್ಡ ಕೆಲಸ ಮಾಡಿದ್ದಾರೆ, ಅದು ಮಕ್ಕಳ ಸಾಹಿತ್ಯ. ಬಾಗೇವಾಡಿ ತಾಲ್ಲೂಕಿನ ಯರನಾಳದ ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ.ಮ. ಪೂಜಾರ ಹೀಗೆ ಹೆಸರು ಹೇಳುತ್ತ ಹೋಗಬಹುದು. ಮಕ್ಕಳ ಸಾಹಿತ್ಯಕ್ಕೆ ವಿಜಯಪುರ ತವರುಮನೆ ಎಂಬ ಮಾತು ಸುಮ್ಮನೆ ಹುಟ್ಟಲಿಲ್ಲ. ತರಗತಿಯಲ್ಲಿ ಹಾಡಿಸಲು ಹಾಡು ಬೇಕಾಯಿತು, ಪಠ್ಯಪುಸ್ತಕದ ಹಾಡು ಮಗುವಿನ ನಾಲಿಗೆಗೆ ಒಗ್ಗಲಿಲ್ಲ, ಮಾಸ್ತರರೇ ಬರೆದರು. ಮಕ್ಕಳು ಹಾಡಿದಾಗ ಎಲ್ಲಿ ತಾಳ ತಪ್ಪಿತೋ ಅಲ್ಲಿ ತಿದ್ದಿದರು. ಬೇರೆ ಸಾಲಿಯ ಮಾಸ್ತರರು ಬಂದು ನಕಲು ಮಾಡಿಕೊಂಡು ಹೋದರು. ಶಿಕ್ಷಕನ ಅಭ್ಯಾಸ, ಮಗುವಿನ ಪರೀಕ್ಷೆ, ಸಹೋದ್ಯೋಗಿಯ ಮೆಚ್ಚುಗೆ ಮೂರೂ ಅದೇ ಕೋಣೆಯಲ್ಲಿ ಆಗಿಹೋದವು.

ಈಗಿನ ಮಾತಿಗೆ ಬರೋಣ. ಈ ನಾಲ್ಕು ತಾಲ್ಲೂಕುಗಳಿಂದ ಈಚಿನ ವರ್ಷಗಳಲ್ಲಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳು ಹುಟ್ಟಿವೆ. ಶಾಲೆಗಳು ಹೆಚ್ಚಿವೆ, ಬಿಸಿಯೂಟ ಬಂದಿದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆದರೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದಾಗ ಜಿಲ್ಲೆಯದು 67ರ ಆಸುಪಾಸಿನಲ್ಲಿತ್ತು. ಮಳೆ ಕೈಕೊಟ್ಟರೆ ಗುಳೆ, ಕೈಕೊಡದಿದ್ದರೂ ಗುಳೆ. ದೀಪಾವಳಿಯ ಹೊತ್ತಿಗೆ ಲಂಬಾಣಿ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಂಪುಗಳು ಹೊರಡುತ್ತವೆ. ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಬೇರೆ. ಮಕ್ಕಳು ಕೆಲವು ಸಲ ಅಜ್ಜಿಯ ಹತ್ತಿರ ಉಳಿಯುತ್ತಾರೆ, ಕೆಲವು ಸಲ ಟ್ರ್ಯಾಕ್ಟರ್ ಏರುತ್ತಾರೆ.

ಇಂಥ ಊರಿಗೆ ಹೊಸದಾಗಿ ನೇಮಕವಾದ ಶಿಕ್ಷಕಿ ಬರುತ್ತಾಳೆ. ಕೌನ್ಸೆಲಿಂಗ್‌ನಲ್ಲಿ ದೂರದ ಹಳ್ಳಿಗಳ ಸಿ ವಲಯದ ಶಾಲೆ ಸಿಕ್ಕಿರುತ್ತದೆ. ಬಸ್ಸು ದಿನಕ್ಕೆ ಎರಡು ಸಲ. ಮೊದಲ ವರ್ಷ ಆಕೆಯ ಗುರಿ ಒಂದೇ: ತರಗತಿ ಹಿಡಿತಕ್ಕೆ ಬರಲಿ. ಮಕ್ಕಳು ಕುಳಿತಲ್ಲಿ ಕುಳಿತುಕೊಂಡರೆ ಆ ದಿನ ಗೆದ್ದ ಹಾಗೆ. ಮೂರನೆಯ ವರ್ಷದ ಹೊತ್ತಿಗೆ ಪಾಠ ಮುಗಿಸುವ ಚಿಂತೆ ಹಿಂದೆ ಸರಿದು ಮಕ್ಕಳು ಓದಲಿ ಎಂಬುದು ಮುಂದೆ ಬರುತ್ತದೆ. ಐದಾರು ವರ್ಷವಾದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ. ತರಗತಿಯಲ್ಲಿ ಹದಿನೈದು ಮಕ್ಕಳು ಓದುತ್ತಾರೆ, ಮೂವರು ಓದುತ್ತಿಲ್ಲ. ಯಾಕೆ? ಈ ‘ಯಾಕೆ’ ಹುಟ್ಟಿದ ದಿನವೇ ಶಿಕ್ಷಕಿ ವೃತ್ತಿಯಲ್ಲಿ ಒಂದು ಮೆಟ್ಟಿಲು ಏರಿದಳು ಎಂದು ನಾನು ನಂಬುತ್ತೇನೆ. ಅಲ್ಲಿಂದ ಮುಂದೆ ಆಕೆಗೆ ಜೊತೆ ಬೇಕು. ಒಬ್ಬಳೇ ಆ ಪ್ರಶ್ನೆಯನ್ನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದರೆ ಒಂದು ದಿನ ‘ಆ ಹುಡುಗರು ಅಷ್ಟೇ’ ಎಂದು ಕೈಚೆಲ್ಲುವ ಅಪಾಯ ಇದೆ.

ಆ ಜೊತೆ ಯಾಕೆ ಬೇಕೆಂದು ತಿಳಿಯಲು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕೋಣೆಯನ್ನು ಹತ್ತಿರದಿಂದ ನೋಡಿ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿರುತ್ತಾರೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಬರೆದದ್ದು, ಬಿಡಿಸಿದ್ದು ತೂಗುಬಿದ್ದಿರುತ್ತದೆ. ಗೋಡೆಯ ಕೆಳಭಾಗಕ್ಕೆ ಮಗುವಿನ ಎತ್ತರಕ್ಕೆ ಬಳಿದ ಕಪ್ಪುಹಲಗೆ. ಕಲಿಕೆಯನ್ನು ಮೈಲಿಗಲ್ಲುಗಳಾಗಿ ಒಡೆದು ಕಾರ್ಡುಗಳಲ್ಲಿ ಇಟ್ಟಿದ್ದಾರೆ, ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತು. ಮಕ್ಕಳು ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕಿಯ ಪೂರ್ಣ ನೆರವು, ಇನ್ನೊಂದಕ್ಕೆ ಸ್ವಲ್ಪ ನೆರವು, ಮತ್ತೊಂದರಲ್ಲಿ ಗೆಳೆಯರೇ ಗೆಳೆಯರಿಗೆ ಕಲಿಸುತ್ತಾರೆ, ಒಂದರಲ್ಲಿ ಸ್ವಂತ ಅಭ್ಯಾಸ, ಕೊನೆಯದರಲ್ಲಿ ಮೌಲ್ಯಮಾಪನ. ನವೆಂಬರಿನಲ್ಲಿ ತಂದೆತಾಯಿಯ ಜೊತೆ ಕಬ್ಬಿನ ಫಡಕ್ಕೆ ಹೋದ ಹುಡುಗ ಮಾರ್ಚಿನಲ್ಲಿ ತಿರುಗಿ ಬರುತ್ತಾನೆ. ಮೊದಲಿನ ಪದ್ಧತಿಯಲ್ಲಾದರೆ ತರಗತಿ ಅವನನ್ನು ಬಿಟ್ಟು ಹತ್ತು ಪಾಠ ಮುಂದೆ ಹೋಗಿರುತ್ತಿತ್ತು. ಇಲ್ಲಿ ಅವನು ಬಿಟ್ಟುಹೋದ ಕಾರ್ಡಿನಿಂದಲೇ ಎತ್ತಿಕೊಳ್ಳಬಹುದು.

ಎತ್ತಿಕೊಳ್ಳಬಹುದು, ಆದರೆ ಅದು ತಾನಾಗಿ ಆಗುವುದಿಲ್ಲ. ನಾಲ್ಕು ತಿಂಗಳಲ್ಲಿ ಹುಡುಗ ಹಿಂದೆ ಕಲಿತದ್ದರಲ್ಲಿ ಯಾವುದನ್ನು ಮರೆತ, ಯಾವುದು ಉಳಿದಿದೆ ಎಂದು ಶಿಕ್ಷಕಿಗೆ ಕಾಣಬೇಕು. ಫಡದಲ್ಲಿ ಕಬ್ಬಿನ ಸೂಡು ಎಣಿಸಿ, ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕ ಹಾಕಿ ಬಂದ ಹುಡುಗನಿಗೆ ಗಣಿತದಲ್ಲಿ ಹೊಸದೊಂದು ಬಂದಿದ್ದರೂ ಬಂದಿರಬಹುದು, ಅದೂ ಕಾಣಬೇಕು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ರೊಟ್ಟಿಯ ಚಿತ್ರ ತೋರಿಸಿದರೆ ‘ಬಾಟಿ’ ಎನ್ನುತ್ತದೆ. ಅದನ್ನು ತಪ್ಪು ಎನ್ನದೆ, ‘ಹೌದು ಪುಟ್ಟಾ, ಬಾಟಿ, ನಾವು ಇದಕ್ಕ ರೊಟ್ಟಿ ಅಂತೀವಿ’ ಎಂದು ಮುಂದುವರಿಸಬಲ್ಲವಳು ಪಳಗಿದ ಶಿಕ್ಷಕಿ. ಲಿಂಗಣ್ಣನವರು ತಾಯಂದಿರ ಹಾಡಿಗೆ ಕೊಟ್ಟ ಕಿವಿ ಇದೇ. ಈ ಕಿವಿಯನ್ನು ಯಾವ ಕೈಪಿಡಿಯೂ ಕೊಡಲಾರದು, ಇದನ್ನು ಬಲ್ಲ ಇನ್ನೊಬ್ಬ ಶಿಕ್ಷಕಿಯ ಪಕ್ಕ ಕುಳಿತು ಕಲಿಯಬೇಕು.

ನಲಿ-ಕಲಿ ಹುಟ್ಟಿದ್ದೂ ಹಾಗೆಯೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನೊಂದಿಗೆ ಕೆಲಸ ಶುರುವಾದಾಗ ಅಲ್ಲಿನ ಸರಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿದರು, ತಿರುಗಿ ಬಂದು ಕೂಡಿ ಕುಳಿತು ಕಾರ್ಡು ತಯಾರಿಸಿದರು, ತಮ್ಮ ತರಗತಿಯಲ್ಲಿ ನಡೆಸಿ ನೋಡಿ ತಿದ್ದಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೆ ಬಂತು. ಹೆಗ್ಗಡದೇವನಕೋಟೆಯ ಶಿಕ್ಷಕರಿಗೆ ಅದು ಸ್ವಂತ ಕಂಡುಕೊಂಡ ದಾರಿಯಾಗಿತ್ತು. ಇಂಡಿ, ಸಿಂದಗಿಯ ಶಿಕ್ಷಕರ ಕೈಗೆ ಬರುವ ಹೊತ್ತಿಗೆ ಅದು ಆದೇಶವಾಗಿತ್ತು. ಕಾರ್ಡು ಬಂತು, ಕಾರ್ಡು ಮಾಡಿದವರ ಚರ್ಚೆ ಬರಲಿಲ್ಲ. ಕೆಲವು ಕಡೆ ನಲಿ-ಕಲಿ ಸೊಗಸಾಗಿ ನಡೆದು ಕೆಲವು ಕಡೆ ಬರೀ ಗೋಡೆಯ ಅಲಂಕಾರವಾಗಿ ಉಳಿದದ್ದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಡ್ತಿಯ ಏಣಿಯ ಮಾತನ್ನೂ ಆಡಬೇಕು, ಯಾಕೆಂದರೆ ಅದರಲ್ಲಿ ನಿಜವಾದ ನೋವಿದೆ. ಒಂದರಿಂದ ಏಳನೆಯ ತರಗತಿಗೆ ಎಂದು ನೇಮಕವಾಗಿ, ವರ್ಷಗಟ್ಟಲೆ ಆರು, ಏಳನೆಯ ತರಗತಿಗೆ ಗಣಿತ, ವಿಜ್ಞಾನ ಕಲಿಸಿದ ಶಿಕ್ಷಕರು ಸಾವಿರಾರು ಮಂದಿ. ನೌಕರಿ ಮಾಡುತ್ತಲೇ ರಾತ್ರಿ ಓದಿ ಪದವಿ ಪಡೆದರು, ಬಿ.ಎಡ್. ಮಾಡಿದರು, ಕೆಲವರು ಎಂ.ಎ. ಮುಗಿಸಿದರು. 2017ರ ವೃಂದ ಮತ್ತು ನೇಮಕಾತಿ ನಿಯಮ ಅವರನ್ನು ಒಂದರಿಂದ ಐದನೆಯ ತರಗತಿಯ ಶಿಕ್ಷಕರು ಎಂದು ಹೆಸರಿಸಿತು. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರ ಬೇರೆ ವೃಂದ ಬಂತು. ಹಿಂದಿನಿಂದ ಸೇವೆಯಲ್ಲಿರುವ ಪದವೀಧರರನ್ನು ಆ ವೃಂದಕ್ಕೆ ಸೇರಿಸಿಕೊಳ್ಳಿ ಎಂದು ಶಿಕ್ಷಕರು 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿ ಕೂಗಿ ಹೇಳಿದರು. ತಾನೇ ಮುಂದೆ ನಿಂತು ಓದಿದ ಶಿಕ್ಷಕನ ಓದಿಗೆ ಬೆಲೆ ಕೊಡದ ನಿಯಮ ಉಳಿದವರಿಗೆ ಏನು ಹೇಳುತ್ತದೆ? ಓದಬೇಡಿ ಎಂದೇ ಹೇಳಿದ ಹಾಗೆ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗದ ಸೇವಾನಿರತ ಶಿಕ್ಷಕರು ಎರಡು ವರ್ಷದೊಳಗೆ ಆ ಪರೀಕ್ಷೆ ಪಾಸಾಗಬೇಕು, ಬಡ್ತಿ ಬೇಕೆಂದವರಿಗೂ ಅದು ಕಡ್ಡಾಯ ಎಂದಿತು. ನಲವತ್ತೈದು, ಐವತ್ತರ ವಯಸ್ಸಿನ ಶಿಕ್ಷಕರು ತಮ್ಮ ಮಕ್ಕಳ ಜೊತೆ ಕುಳಿತು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವ ಕಾಲ ಬಂತು. ಮಕ್ಕಳಿಗೆ ಅರ್ಹ ಶಿಕ್ಷಕರು ಸಿಗಬೇಕೆಂಬ ಕೋರ್ಟಿನ ಕಾಳಜಿ ನ್ಯಾಯವಾದದ್ದು. ಆದರೆ ಇಪ್ಪತ್ತು ವರ್ಷ ತಾಂಡಾದ ಮಕ್ಕಳಿಗೆ ಓದು ಕಲಿಸಿದವಳ ಯೋಗ್ಯತೆಯನ್ನು ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಅಳೆಯುತ್ತದೆಯೇ? ಆಕೆ ಕಲಿಸಿದ ಮಕ್ಕಳ ಓದನ್ನು ಕೇಳಿ ಅಳೆಯುವ ವ್ಯವಸ್ಥೆಯನ್ನು ನಾವು ಇನ್ನೂ ಕಟ್ಟಿಲ್ಲ.

ವೇಳೆಯ ಮಾತಂತೂ ಹೇಳಿ ಮುಗಿಯದು. ಹಾಜರಿ ಆ್ಯಪಿನಲ್ಲಿ, ಊಟದ ಲೆಕ್ಕ ಆ್ಯಪಿನಲ್ಲಿ, ಮೊಟ್ಟೆ, ಬಾಳೆಹಣ್ಣು, ಹಾಲಿನ ಪುಡಿ, ಸಮವಸ್ತ್ರ, ಶೂ, ವಿದ್ಯಾರ್ಥಿವೇತನ ಎಲ್ಲಕ್ಕೂ ದಾಖಲೆ. ಮತದಾರರ ಪಟ್ಟಿ ಬಂದರೆ ಮನೆ ಮನೆ ತಿರುಗಾಟ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯೇ ಹೋಯಿತು, ಅದು ಮುಗಿಯಲೆಂದು ಶಾಲೆಯ ರಜೆಯನ್ನು ಮುಂದಕ್ಕೆ ಹಾಕಬೇಕಾಯಿತು. ಶಿಕ್ಷಕ ಬೆಳೆಯಬೇಕಾದರೆ ಓದಬೇಕು, ಯೋಚಿಸಬೇಕು, ಬರೆದಿಟ್ಟುಕೊಳ್ಳಬೇಕು. ಸಂಜೆ ಐದಕ್ಕೆ ಮೊಬೈಲಿನಲ್ಲಿ ಮಾಹಿತಿ ತುಂಬುತ್ತ ಬಸ್ಸಿಗೆ ಕಾಯುವವನಿಗೆ ಅದಕ್ಕೆ ಹೊತ್ತೆಲ್ಲಿ?

ಹಾಗೆಂದು ವ್ಯವಸ್ಥೆ ಜೊತೆಗೂಡುವ ಜಾಗವನ್ನು ಕೊಟ್ಟೇ ಇಲ್ಲ ಎನ್ನುವಂತಿಲ್ಲ. ತಾಲ್ಲೂಕಿಗೆ ಸಂಪನ್ಮೂಲ ಕೇಂದ್ರ (ಬಿ.ಆರ್.ಸಿ.), ಹತ್ತಾರು ಶಾಲೆಗೆ ಒಂದು ಕ್ಲಸ್ಟರ್, ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.), ಜಿಲ್ಲೆಗೆ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್. ಕ್ಲಸ್ಟರಿನ ಶಿಕ್ಷಕರೆಲ್ಲ ಒಂದೆಡೆ ಸೇರುವ ಸಮಾಲೋಚನಾ ಸಭೆಯೂ ಇದೆ. ಹಲಸಂಗಿಯ ಗೆಳೆಯರಿಗೆ ಇಲ್ಲದ ಅನುಕೂಲ ಇದು. ಅವರು ಕೆಲಸ ಮುಗಿಸಿ ಸ್ವಂತ ಖರ್ಚಿನಲ್ಲಿ ಕೂಡುತ್ತಿದ್ದರು, ಇಲ್ಲಿ ಇಲಾಖೆಯೇ ಕೂಡಿಸುತ್ತದೆ. ಆದರೆ ಸಭೆಯಿಂದ ಬಂದ ಶಿಕ್ಷಕರನ್ನು ‘ಏನ್ ಮಾಡಿದ್ರಿ ಸರ ಇವತ್ತು?’ ಎಂದು ಕೇಳಿದರೆ ಸಿಗುವ ಉತ್ತರ ಬಹಳ ಸಲ ಹೀಗಿರುತ್ತದೆ: ‘ಮಾಹಿತಿ ಕೊಟ್ವಿರಿ, ಸುತ್ತೋಲೆ ಓದಿದ್ರು, ಚಾ ಕುಡದು ಬಂದ್ವಿ.’

ಕೂಡಿ ಕುಳಿತವರು ಬೇರೇನು ಮಾಡಬಹುದು? ಜಪಾನಿನ ಶಾಲೆಗಳಲ್ಲಿ ಒಂದು ಪದ್ಧತಿ ಇದೆ, ನೂರು ವರ್ಷಕ್ಕೂ ಹಳೆಯದು. ನಾಲ್ಕೈದು ಜನ ಶಿಕ್ಷಕರು ಕೂಡಿ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಆ ಪಾಠವನ್ನು ನಿಜವಾದ ತರಗತಿಯಲ್ಲಿ ಮಾಡುತ್ತಾರೆ, ಉಳಿದವರು ಹಿಂದೆ ಕುಳಿತು ಮಕ್ಕಳನ್ನು ನೋಡುತ್ತಾರೆ. ಶಿಕ್ಷಕ ಹೇಗೆ ಮಾಡಿದ ಎಂದು ನೋಡುವುದಿಲ್ಲ, ಯಾವ ಮಗು ಯಾವ ಹೊತ್ತಿಗೆ ತೊಡಕಿತು ಎಂದು ನೋಡುತ್ತಾರೆ. ಆಮೇಲೆ ಕುಳಿತು ಪಾಠವನ್ನು ತಿದ್ದುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಡ, ಟ್ಯಾಬ್ ಬೇಡ, ಹೊರಗಿನ ಸಂಪನ್ಮೂಲ ವ್ಯಕ್ತಿಯೂ ಬೇಡ. ಸಿಂದಗಿಯ ಒಂದು ಕ್ಲಸ್ಟರಿನಲ್ಲಿ ಹತ್ತು ಶಾಲೆಯ ಶಿಕ್ಷಕರು ಒಂದು ಶಾಲೆಯ ನಾಲ್ಕನೆಯ ತರಗತಿಯಲ್ಲಿ ಭಾಗಾಕಾರದ ಪಾಠ ನೋಡಿ, ಮಧ್ಯಾಹ್ನ ಅದರ ಬಗ್ಗೆ ಎರಡು ತಾಸು ಮಾತಾಡಿದರೆ ಸಾಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯ ವೃತ್ತಿ ಅಭಿವೃದ್ಧಿ ಬೇಕೆಂದಿತು. ಆ ಗಂಟೆಗಳನ್ನು ವಿಡಿಯೊ ನೋಡಿ ತುಂಬಿಸುವುದಕ್ಕಿಂತ ಇಂಥ ಎರಡೆರಡು ತಾಸಿನ ಮಾತಿನಲ್ಲಿ ತುಂಬಿಸುವುದು ಹೆಚ್ಚು ಫಲ ಕೊಡುತ್ತದೆ.

ಇಷ್ಟೆಲ್ಲದರ ನಡುವೆ ಕೆಲಸ ಮಾಡುತ್ತಿರುವ ಶಿಕ್ಷಕರು ಈ ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದ ಮಂದಿಗೆ ಹೊಸ ಜಾಗದಲ್ಲಿ ಮೊದಲು ನೆಲೆ ನಿಂತ ಸಂಸ್ಥೆಗಳಲ್ಲಿ ಶಾಲೆಯೂ ಒಂದು, ಹಳೆಯ ಊರಿನ ನೆನಪನ್ನು ಮಕ್ಕಳಿಗೆ ದಾಟಿಸಬಲ್ಲವರಲ್ಲಿ ಮಾಸ್ತರರೂ ಒಬ್ಬರು. ಲಿಂಬೆಯ ತೋಟಗಳ ನಡುವಿನ ಇಂಡಿಯ ಶಾಲೆಯಲ್ಲಿ ಶೇಕಡಾವಾರು ಲೆಕ್ಕವನ್ನು ಲಿಂಬೆಯ ಡಾಗಿನ, ಅಂದರೆ ಚೀಲದ, ಬೆಲೆಯಿಂದಲೇ ಕಲಿಸಬಹುದು. ಮುದ್ದೇಬಿಹಾಳದ ತೊಗರಿ ಹೊಲದಲ್ಲಿ ವಿಜ್ಞಾನದ ಅರ್ಧ ಪಠ್ಯ ಇದೆ. ಹೀಗೆ ಕಲಿಸಿದ್ದನ್ನು ಶಿಕ್ಷಕರು ಬರೆದಿಡಬೇಕು. ಮಕ್ಕಳ ಹಾಡು ಬರೆದ ಮಾಸ್ತರರು ಬರೆದಿಟ್ಟದ್ದರಿಂದಲೇ ಅದು ನಮಗೆ ದಕ್ಕಿತು.

ಆದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ, ಡಯಟ್‌ನವರಲ್ಲಿ ಒಂದು ಕೇಳಿಕೆ. ಸುತ್ತೋಲೆಯನ್ನು ವಾಟ್ಸ್‌ಆ್ಯಪಿಗೆ ಹಾಕಿ, ಮಾಹಿತಿಯನ್ನು ಆ್ಯಪಿನಲ್ಲೇ ಪಡೆದುಕೊಳ್ಳಿ, ಸಮಾಲೋಚನಾ ಸಭೆಯ ದಿನವನ್ನು ಪಾಠಕ್ಕೆ ಮಾತ್ರ ಬಿಟ್ಟುಕೊಡಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಕ್ಲಸ್ಟರಿನಲ್ಲಿ ಮುಂದಿನ ಜೂನ್‌ನಿಂದ ಒಂದು ವರ್ಷ ಹೀಗೆ ನಡೆಸಿ ನೋಡಿ. ಶಿಕ್ಷಕ ಬಂಧುಗಳು ಅದಕ್ಕೂ ಕಾಯಬೇಕಿಲ್ಲ. ಪಕ್ಕದ ಶಾಲೆಯ ಇಬ್ಬರು ಗೆಳೆಯರನ್ನು ಈ ವಾರವೇ ನಿಮ್ಮ ತರಗತಿಗೆ ಕರೆಯಿರಿ, ಓದಲು ಬಾರದ ಆ ಮೂವರು ಮಕ್ಕಳ ಪಕ್ಕ ಅವರನ್ನು ಕೂರಿಸಿರಿ.